ಗ್ಯಾಸ್ ಡ್ರಮ್ಮಿನ ಆಷಾಢ

ಮದುವೆ ಊಟಕ್ಕೆ ಕೂತಾಗ ನನ್ನ ಕಣ್ಣು ನನ್ನ ಎಲೆಯ ಮೇಲೆ ಇರುವುದಿಲ್ಲ, ಪಕ್ಕದವರ ಎಲೆಯ ಮೇಲೆ ಇರುತ್ತದೆ. ಅವರು ಏನು ತಿನ್ನುತ್ತಾರೆ ಎಂದು ನೋಡುವುದಲ್ಲ, ಏನು ಬಿಡುತ್ತಾರೆ ಎಂದು. ಯಾರಾದರೂ ಪಲ್ಯವನ್ನು ಬೆರಳಿನಿಂದ ಎಲೆಯಂಚಿಗೆ ತಳ್ಳಿದರೆ ನನಗೆ ಒಳಗೊಳಗೇ ಸಮಾಧಾನ. ಎರಡನೇ ಸಲ ಅನ್ನ ಹಾಕಿಸಿಕೊಂಡು ಮೂರು ತುತ್ತಿಗೇ ಕೈ ತೊಳೆಯಲು ಎದ್ದರೆ ಆ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ. ಸಾರಿನ ಕೊನೆಯ ಹನಿಯನ್ನೂ ಸವರಿ, ಎಲೆಯನ್ನು ಫಳಫಳ ಹೊಳೆಯಿಸಿ ಮಡಿಸುವವರನ್ನು ಕಂಡರೆ ಈಗೀಗ ಸ್ವಲ್ಪ ಬೇಜಾರು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಯಾಕೆಂದರೆ ನಾನು ಬೆಳೆದದ್ದೇ ಬೇರೆ ಥರ. ಅಮ್ಮ ಭದ್ರಾವತಿಯಲ್ಲಿ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಕ್ಕಿ ಆರಿಸುತ್ತಿದ್ದಳು. ಎಂಟು ಗಂಟೆ ಕಲ್ಲು ಆರಿಸಿ ಬಂದವಳ ಎದುರಿಗೆ ತಟ್ಟೆಯಲ್ಲಿ ಒಂದು ಅಗುಳು ಬಿಟ್ಟು ಏಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಂಥ ತಾಯಿಯ ಮಗ ಇವತ್ತು ಊರವರ ಎಂಜಲಿಗೆ ಆಸೆಪಡುತ್ತಿದ್ದಾನೆ ಎಂದರೆ ಅದಕ್ಕೊಂದು ಕಾರಣ ಬೇಕಲ್ಲ. ಕಾರಣ ಒಂದು ಡ್ರಮ್ಮು.

ನಾನು ಶಿವಮೊಗ್ಗದಲ್ಲಿ ರಾಗಿಗುಡ್ಡದ ಹತ್ತಿರ ಒಂದು ಕಲ್ಯಾಣ ಮಂಟಪ ನೋಡಿಕೊಳ್ಳುತ್ತೇನೆ. ಬೀಗ ತೆಗೆಯುವುದು, ನೀರು ಬಿಡುವುದು, ಕಳೆದುಹೋದ ಚಪ್ಪಲಿಗೆ ಉತ್ತರ ಕೊಡುವುದು ನನ್ನ ಕೆಲಸ. ಮಂಟಪದ ಹಿಂದೆ, ಅಡುಗೆಮನೆಯ ಗೋಡೆಗೆ ಹೊಂದಿಕೊಂಡು ಯಜಮಾನರು ಹೋದ ಚೈತ್ರದಲ್ಲಿ ಒಂದು ಗ್ಯಾಸ್ ಪ್ಲಾಂಟ್ ಹಾಕಿಸಿದರು. ನೆಲದಲ್ಲಿ ಒಂದು ಬಾವಿ, ಅದರ ಮೇಲೆ ಬೋರಲು ಮಲಗಿಸಿದ ದೊಡ್ಡ ಡ್ರಮ್ಮು. ಮಿಕ್ಕಿದ ಅನ್ನ, ಪಲ್ಯ, ತರಕಾರಿ ಸಿಪ್ಪೆ ಎಲ್ಲವನ್ನೂ ರುಬ್ಬಿ, ನೀರು ಬೆರೆಸಿ ಒಳಗೆ ಬಿಟ್ಟರೆ ಅದು ಕೊಳೆತು ಗ್ಯಾಸ್ ಆಗುತ್ತದೆ. ಗ್ಯಾಸ್ ತುಂಬಿದಷ್ಟೂ ಡ್ರಮ್ಮು ಮೇಲಕ್ಕೆ ಏಳುತ್ತದೆ, ಒಲೆ ಉರಿಸಿದಷ್ಟೂ ಕೆಳಗೆ ಇಳಿಯುತ್ತದೆ. ಮೀಟರು ಬೇಡ, ಮುಳ್ಳು ಬೇಡ. ದೂರದಿಂದ ನೋಡಿದರೇ ಹೊಟ್ಟೆ ತುಂಬಿದೆಯೋ ಖಾಲಿಯೋ ತಿಳಿಯುತ್ತದೆ.

ಇದನ್ನು ಹೇಳಿಕೊಡಲು ಮೈಸೂರು ಕಡೆಯ ಒಬ್ಬ ಇಂಜಿನಿಯರ್ ಮೇಡಂ ಬಂದಿದ್ದರು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದು, ಅದರ ಸುತ್ತ ಬಾಣ ಬಿಡಿಸಿದರು. ಹೊಲದಿಂದ ಅಡುಗೆಮನೆ, ಅಲ್ಲಿಂದ ಎಲೆ, ಎಲೆಯಿಂದ ಡ್ರಮ್ಮು, ಡ್ರಮ್ಮಿನಿಂದ ಒಲೆಗೆ ಉರಿ, ಹೊಲಕ್ಕೆ ಗೊಬ್ಬರ. "ಇದಕ್ಕೆ ಸರ್ಕ್ಯುಲರ್ ಎಕಾನಮಿ ಅಂತಾರೆ ಅಣ್ಣ. ಯಾವುದೂ ಕಸ ಅಲ್ಲ, ಎಲ್ಲಾ ಸುತ್ತಿ ಬರಬೇಕು" ಅಂದರು. ನಾನು ಹತ್ತನೇ ಕ್ಲಾಸು ಪಾಸು ಮಾಡಿದ್ದು ನಲವತ್ತನಾಲ್ಕನೇ ವಯಸ್ಸಿನಲ್ಲಿ. ಪರೀಕ್ಷೆಯ ದಿನ "ಪೇರೆಂಟ್ಸೆಲ್ಲ ಗೇಟಿನ ಹೊರಗೆ ನಿಲ್ಲಿ" ಎಂದು ನನ್ನನ್ನೂ ಹೊರಗೆ ಕಳಿಸಿದ್ದರು. ಆದ್ದರಿಂದ ಯಾರಾದರೂ ಗೋಡೆಯ ಮೇಲೆ ಬರೆದರೆ ನನಗೆ ಈಗಲೂ ಕೈಕಟ್ಟಿ ನಿಲ್ಲಬೇಕು ಅನಿಸುತ್ತದೆ. ನಿಂತೆ. ನಿಂತುಕೊಂಡೇ ಬೇರೆ ಏನೋ ಯೋಚಿಸುತ್ತಿದ್ದೆ.

ಭದ್ರಾವತಿಯ ನಮ್ಮ ಲೈನಿನಲ್ಲಿ ಸೆಲ್ವಿಯಮ್ಮ ಎಂಬ ತಮಿಳು ಹೆಂಗಸು ಒಂದು ಎಮ್ಮೆ ಸಾಕಿದ್ದರು. ದಿನಾ ಬೆಳಿಗ್ಗೆ "ಕಲಗಚ್ಚು ಕುಡಮ್ಮಾ" ಎಂದು ಬಕೆಟ್ಟು ಹಿಡಿದು ಮನೆಮನೆ ತಿರುಗಿ, ಅಕ್ಕಿ ತೊಳೆದ ನೀರು, ಹಳಸಿದ ಸಾರು, ಸಿಪ್ಪೆ ಎಲ್ಲ ಒಯ್ಯುತ್ತಿದ್ದರು. ಎಮ್ಮೆ ಅದನ್ನು ಕುಡಿದು ಹಾಲು ಕೊಡುತ್ತಿತ್ತು. ಸೆಗಣಿ ಬೆರಣಿಯಾಗುತ್ತಿತ್ತು. ಅಡುಗೆಗೆ ಸಾಮಿಲ್ಲಿನ ಮರದ ಹೊಟ್ಟು ತುಂಬುವ ಒಲೆ. ಮಧ್ಯದಲ್ಲಿ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಜಡಿದು, ಬಾಟಲಿ ಎಳೆದು ಉರಿ ಹಚ್ಚಿದರೆ ಒಂದು ಹೊತ್ತಿನ ಅಡುಗೆ ಆರಾಮಾಗಿ ಆಗುತ್ತಿತ್ತು. ಒಲೆಯ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದೆವು. ಅಮ್ಮ ಆ ಸೊನ್ನೆಯ ಒಳಗೇ ಇದ್ದು, ಒಳಗೇ ತೀರಿಕೊಂಡಳು. ಅದಕ್ಕೊಂದು ಇಂಗ್ಲಿಷ್ ಹೆಸರಿದೆ ಎಂದು ಯಾರೂ ಅವಳಿಗೆ ಹೇಳಲಿಲ್ಲ. ಹೇಳಿದ್ದರೆ, "ಹಂಗಂದ್ರೆ ಬಡತನಾನಾ?" ಎಂದು ಕೇಳುತ್ತಿದ್ದಳೇನೋ.

ಮೇಡಂ ಸೊನ್ನೆ ಬರೆದು ಮುಗಿಸಿ, ಪುಸ್ತಕ ತೆಗೆದು ಕೇಳಿದರು: "ದಿನಾ ವೇಸ್ಟ್ ಬರುತ್ತಾ?"

"ಡ್ರಮ್ಮು ಬೇಡ ಅನ್ನೋ ಅಷ್ಟು ಬರುತ್ತೆ ಮೇಡಂ."

"ತಪ್ಪದೆ?"

"ನಮ್ಮ ಮಂಟಪಕ್ಕೆ ಡೇಟ್ ಸಿಗೋದೇ ಕಷ್ಟ. ಕೇಳಿ ಬೇಕಾದ್ರೆ" ಅಂದೆ, ಮಂಟಪ ನನ್ನದೇ ಎನ್ನುವ ಹಾಗೆ. ಪಕ್ಕದಲ್ಲಿ ನಿಂತಿದ್ದ ಯಜಮಾನರೂ ತಲೆ ಆಡಿಸಿದರು. ಮೇಡಂ ಅದನ್ನೇ ಬರೆದುಕೊಂಡು, ಅದಕ್ಕೆ ತಕ್ಕ ದೊಡ್ಡ ಡ್ರಮ್ಮು ಕೂರಿಸಿದರು.

ಈಗ ಹೇಳಿ, ನಾವು ಮೂವರೂ ಇದೇ ನಾಡಿನವರು. ಆಷಾಢದಲ್ಲಿ ಮದುವೆ ಆಗುವುದಿಲ್ಲ ಎಂದು ಮೂವರಿಗೂ ಗೊತ್ತು. ಎಷ್ಟು ಗೊತ್ತು ಎಂದರೆ, ಅದನ್ನು ಯೋಚಿಸುವ ಪ್ರಮೇಯವೇ ಬರಲಿಲ್ಲ. ಹೊರಗಿನವರು ಯಾರಾದರೂ ಇದ್ದಿದ್ದರೆ "ಎಲ್ಲಾ ತಿಂಗಳೂ ಮದುವೆ ಇರುತ್ತಾ?" ಎಂದು ಪೆದ್ದಾಗಿ ಕೇಳಿ ನಮ್ಮನ್ನು ಉಳಿಸುತ್ತಿದ್ದರು.

ವೈಶಾಖ, ಜ್ಯೇಷ್ಠ ಎರಡೂ ಚೆನ್ನಾಗಿ ನಡೆದವು. ನಡುವೆ ಒಂದು ಸಲ ಹೋಳಿಗೆ ಊಟದ ಮಿಕ್ಕದ್ದೆಲ್ಲ ಒಂದೇ ದಿನ ಸುರಿದು ಡ್ರಮ್ಮಿಗೆ ಅಜೀರ್ಣವಾಗಿತ್ತು. ಹುಳಿ ವಾಸನೆ, ಉರಿ ಇಲ್ಲ. ಎರಡು ದಿನ ಲಂಘನ ಹಾಕಿಸಿ, ಸೆಗಣಿ ನೀರು ಕುಡಿಸಿದ ಮೇಲೆ ಸರಿಹೋಯಿತು. ಹೊಟ್ಟೆಯಲ್ಲಿ ಬೆಂಕಿ ಇದೆ, ಅದಕ್ಕೆ ಜಠರಾಗ್ನಿ ಎನ್ನುತ್ತಾರೆ ಎಂದು ಹಿಂದಿನವರು ಹೇಳಿದ್ದನ್ನು ನಾನು ಸುಮ್ಮನೆ ಮಾತಿಗೆ ಹೇಳಿದ್ದು ಎಂದುಕೊಂಡಿದ್ದೆ. ಈ ಡ್ರಮ್ಮು ನೋಡಿದ ಮೇಲೆ ನನಗೆ ಅನುಮಾನ ಉಳಿದಿಲ್ಲ.

ಆ ಬೆಂಕಿಯಲ್ಲಿ ಅಡುಗೆ ಮಾಡುತ್ತಿದ್ದವರು ಪದ್ಮಾವತಿಯವರು. ಮಂಟಪದ ಹಿಂದಿನ ಸಣ್ಣ ಕೋಣೆಯಲ್ಲಿ ಇಡ್ಲಿ, ಟೀ ಮಾಡಿ ಮದುವೆಗೆ ಬಂದ ಡ್ರೈವರುಗಳಿಗೆ, ಓಲಗದವರಿಗೆ, ಸುತ್ತಲಿನ ಗ್ಯಾರೇಜಿನವರಿಗೆ ಕೊಡುತ್ತಾರೆ. ಐವತ್ತು ದಾಟಿದ್ದಾರೆ, ಗಂಡ ತೀರಿ ಬಹಳ ವರ್ಷವಾಯಿತು. ಮೊದಲು ಬೇರೆ ಕಡೆ ಸೌದೆ ಒಲೆಯಲ್ಲಿ ಬೇಯಿಸಿ ಬೇಯಿಸಿ ಎದೆಯಲ್ಲಿ ಹೊಗೆ ಕೂತು ಕೆಮ್ಮು ಹಿಡಿದಿತ್ತು. ಇಲ್ಲಿಗೆ ಬಂದ ಮೇಲೆ ಕೆಮ್ಮು ನಿಂತಿತು. ಊರಿಗೆಲ್ಲ ನಾನು ಹಾಲೇಶಣ್ಣ. ಅವರಿಗೆ ಮಾತ್ರ "ಹಾಲೇಶಪ್ನೋರೆ". ಈ ವ್ಯತ್ಯಾಸದ ಬಗ್ಗೆ ನಾನು ಸಾಕಷ್ಟು ಯೋಚಿಸಿದ್ದೇನೆ. ಹೆಂಡತಿ ಇಲ್ಲದ ಮನೆಯಲ್ಲಿ ಯೋಚಿಸಲು ಸಮಯ ಇರುತ್ತದೆ.

ಅವರು ಬೆಳಿಗ್ಗೆ ಒಲೆ ಹಚ್ಚಿದ ಕೂಡಲೇ ಕಿಟಕಿಯಿಂದ ಕೂಗುತ್ತಿದ್ದರು. "ಹಾಲೇಶಪ್ನೋರೆ, ಇವತ್ತು ಯಾರ ಮದ್ವೆ ಉರೀತಾ ಇದೆ?"

"ಭಾನುವಾರದ್ದು. ದಾವಣಗೆರೆ ಬೀಗರು ಬಂದಿದ್ರಲ್ಲ, ಅದು."

"ಅದಕ್ಕೇ ಇಷ್ಟು ಜೋರು. ತಿಂದಿದ್ದಕ್ಕಿಂತ ಬಿಟ್ಟಿದ್ದೇ ಜಾಸ್ತಿ ಅವರು. ಶುಕ್ರವಾರದ್ದು ನೋಡಿ, ಹುಡುಗಿ ಕಡೆಯೋರು ಸಂಕೋಚದವರು, ಉರಿಯೂ ಸಂಕೋಚವಾಗೇ ಇತ್ತು."

ನೀಲಿ ಉರಿ, ಅದರ ಮೇಲೆ ಇಡ್ಲಿ ಪಾತ್ರೆ. ಯಾರದೋ ಮದುವೆಯಲ್ಲಿ ನಮ್ಮ ತಿಂಡಿ ಬೇಯುತ್ತಿತ್ತು. ಅದು ನನ್ನ ದಿನದ ಒಳ್ಳೆಯ ಹೊತ್ತು.

ಆಷಾಢ ಬಂತು. ಮಂಟಪಕ್ಕೆ ಬೀಗ. ಹೊಸದಾಗಿ ಮದುವೆಯಾದ ಹುಡುಗಿಯರು ತವರಿಗೆ ಹೋದರು, ಹುಡುಗರು ಬೈಕ್ ಹತ್ತಿ ಮಾವನ ಮನೆಯ ಬೀದಿಯಲ್ಲಿ ಏನೋ ಕೆಲಸ ಇದ್ದವರಂತೆ ಸುತ್ತತೊಡಗಿದರು. ನಮ್ಮ ಡ್ರಮ್ಮು ದಿನಕ್ಕೆ ಎರಡು ಬೆರಳಿನಷ್ಟು ಇಳಿಯತೊಡಗಿತು. ತ್ಯಾವರೆಕೊಪ್ಪದ ಸಫಾರಿಯ ಹುಲಿಗಳಿಗೂ ವಾರಕ್ಕೊಂದು ದಿನ ಉಪವಾಸ ಮಾಡಿಸುತ್ತಾರಂತೆ. ಒಂದು ದಿನ ಸರಿ. ತಿಂಗಳುಗಟ್ಟಲೆ ಉಪವಾಸವನ್ನು ಹುಲಿಯೂ ತಡೆಯಲಾರದು. ಯಜಮಾನರು ಬಂದು ಡ್ರಮ್ಮಿನ ಸುತ್ತ ಒಂದು ಸುತ್ತು ಹಾಕಿ, "ನೋಡು ಹಾಲೇಶ, ಶ್ರಾವಣದ ಹೊತ್ತಿಗೆ ಇದರಲ್ಲಿ ಉರಿ ಕಾಣದಿದ್ರೆ ಕಿತ್ತುಹಾಕಿ ಜನರೇಟರ್ ಇಡಿಸ್ತೀನಿ. ಆ ಹಿಂದಿನ ಕೋಣೆನೂ ಅದಕ್ಕೇ ಬೇಕಾಗುತ್ತೆ" ಅಂದರು.

ಪದ್ಮಾವತಿಯವರು ಇದನ್ನು ಕಿಟಕಿಯಲ್ಲೇ ಕೇಳಿಸಿಕೊಂಡರು. ಯಜಮಾನರು ಹೋದ ಮೇಲೆ ಸೌಟು ತೊಳೆಯುತ್ತಾ ನನಗೆ ಹೇಳಿದರು.

"ಹೊಳೆಹೊನ್ನೂರಿಂದ ತಮ್ಮ ಫೋನ್ ಮಾಡ್ತಾನೇ ಇದಾನೆ. ಬಂದ್ಬಿಡಕ್ಕ, ಮಕ್ಕಳು ಚಿಕ್ಕೋವು, ಇಲ್ಲೇ ಇರು ಅಂತ. ಮದ್ವೆ ಇಲ್ದೆ ಗಿರಾಕಿನೂ ಕಮ್ಮಿ, ಸಿಲಿಂಡರ್ ತಂದು ಯಾರಿಗೆ ಬೇಯಿಸ್ಲಿ? ಸೌದೆ ಒಲೆ ಮುಂದೆ ಮಾತ್ರ ನಾನು ಕೂರಲ್ಲ."

"ಆಷಾಢಕ್ಕೆ ಹೋಗಿ ಬರ್ತೀರಾ?"

"ಹೊಸ ಮದ್ವಣಗಿತ್ತಿ ನೋಡಿ ನಾನು, ಆಷಾಢಕ್ಕೆ ತವರಿಗೆ ಹೋಗಕ್ಕೆ!" ಎಂದು ನಕ್ಕರು. ಆಮೇಲೆ ನಗಲಿಲ್ಲ. "ಒಲೆ ಇದ್ರೆ ಬರ್ತೀನಿ. ಇಲ್ದಿದ್ರೆ ಬಂದು ಏನ್ಮಾಡ್ಲಿ?"

ನನ್ನನ್ನು ನೋಡಿಕೊಂಡು ಇರಬಹುದಲ್ಲ ಎನ್ನುವ ಉತ್ತರ ನನಗೆ ಹೊಳೆದದ್ದು ಮೂರು ದಿನದ ಮೇಲೆ. ಆಗ ಹೊಳೆದಿದ್ದರೂ ಹೇಳುತ್ತಿರಲಿಲ್ಲ. ಡ್ರಮ್ಮಿಗೆ ಊಟ ಹುಡುಕುವುದು ಅದಕ್ಕಿಂತ ಸುಲಭ ಎಂದುಕೊಂಡು ಬಕೆಟ್ಟು ಹಿಡಿದು ಹೊರಟೆ.

ಸುಲಭವಿರಲಿಲ್ಲ. ಹೋಟೆಲುಗಳ ಮಿಕ್ಕದ್ದಕ್ಕೆಲ್ಲ ಹಂದಿ ಸಾಕುವವರು ಮೊದಲೇ ಗಟ್ಟಿ ಮಾತಾಡಿಕೊಂಡಿದ್ದರು. ನಮ್ಮ ಬೀದಿಯ ತುದಿಯಲ್ಲಿ ನಿವೃತ್ತ ಮೇಷ್ಟ್ರು ಶಿವಲಿಂಗಪ್ಪನವರ ಮನೆ ಇದೆ, ಅಲ್ಲಿಗೆ ಹೋದೆ. ಅವರು ಊಟ ಮುಗಿಸಿ, ತಟ್ಟೆಗೆ ನೀರು ಸುರಿದು, ಬೆರಳಿನಿಂದ ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ನನ್ನ ಬಕೆಟ್ಟು ನೋಡಿದರು, ತಟ್ಟೆ ನೋಡಿದರು.

"ಪ್ರಸಾದ ಕಣಯ್ಯ ಇದು, ಬಿಡೋದು ಹೆಂಗೆ? ನಮ್ಮನೆ ನಂಬ್ಕೊಂಡ್ರೆ ನಿನ್ನ ಡ್ರಮ್ಮು ಸತ್ತೇ ಹೋಗುತ್ತೆ. ಮಜ್ಜಿಗೆ ಕುಡಿದು ಹೋಗು."

ಕುಡಿದು ಹೋದೆ. ಅವರ ಎದುರು ನಿಂತಾಗ ನಾನು ಕೇಳಲು ಬಂದದ್ದು ಎಂಥದ್ದು ಎಂದು ಮೊದಲ ಸಲ ನಾಚಿಕೆಯಾಯಿತು. ಈ ಡ್ರಮ್ಮು ಬದುಕುವುದು ಯಾರೋ ತಪ್ಪು ಮಾಡಿದರೆ ಮಾತ್ರ. ಎಲ್ಲರೂ ಮೇಷ್ಟ್ರ ಹಾಗಿದ್ದರೆ ಮೇಡಮ್ಮಿನ ಸೊನ್ನೆಯಲ್ಲಿ ಒಂದು ಬಾಣವೇ ಇರುವುದಿಲ್ಲ.

ಮುಂದಿನ ಮನೆ ಗೌರಮ್ಮನವರದು. "ಮಿಕ್ಕಿದ್ದು ಮುಗಿದಿದ್ದು ಏನಾದ್ರೂ ಇದ್ರೆ ಕೊಡಿ, ಡ್ರಮ್ಮಿಗೆ" ಅಂದೆ. "ಸಂಜೆ ಬನ್ನಿ" ಅಂದರು. ಸಂಜೆ ಹೋದರೆ ಸ್ಟೀಲ್ ಡಬ್ಬಿಯ ತುಂಬ ಬಿಸಿಬಿಸಿ ಅನ್ನ, ಮೇಲೆ ಹಲಸಂದೆ ಕಾಳಿನ ಸಾರು, ಮೂಲೆಯಲ್ಲಿ ಒಂದು ಚಮಚ ತುಪ್ಪ.

"ಅಯ್ಯೋ ಇದು ಹೊಸ ಅಡುಗೆ!"

"ಮತ್ತೆ? ಬಾಗಿಲಿಗೆ ಬಂದು ಕೇಳಿದೋರಿಗೆ ಹಳಸಿದ್ದು ಕೊಡಕ್ಕಾಗುತ್ತಾ? ಯಾರು ಏನಂದಾರು?"

"ನನಗಲ್ಲ ಗೌರಮ್ಮೋರೆ, ಡ್ರಮ್ಮಿಗೆ."

"ಡ್ರಮ್ಮಿಗೇ ಆಗ್ಲಿ. ತಿನ್ನೋದಲ್ವಾ ಅದು?"

ಆ ಅನ್ನವನ್ನು ಡ್ರಮ್ಮಿಗೆ ಹಾಕುವ ಎದೆ ನನಗಿರಲಿಲ್ಲ. ಪದ್ಮಾವತಿಯವರ ಕೋಣೆಗೆ ಒಯ್ದೆ. ಇಬ್ಬರೂ ಒಲೆಕಟ್ಟೆಯ ಪಕ್ಕ ಕೂತು ಉಂಡೆವು. ಗೋಡೆಯಾಚೆ ಡ್ರಮ್ಮು ಹಸಿದು ಕೂತಿತ್ತು. "ಸಾರು ಚೆನ್ನಾಗಿದೆ" ಅಂದರು ಅವರು. "ಹೌದು" ಅಂದೆ. ಅಷ್ಟು ಚೆನ್ನಾಗಿ ಸೋತದ್ದು ನನಗೆ ನೆನಪಿಲ್ಲ.

ಮಾರನೇ ದಿನ ಉರಿ ಬೆರಳುದ್ದಕ್ಕೆ ಇಳಿಯಿತು. ಅದರ ಮಾರನೇ ದಿನ ಎರಡು ಲೋಟ ಟೀ ಕಾಯುವ ಹೊತ್ತಿಗೆ ಪುಸ್ ಎಂದು ಆರಿತು. ಪದ್ಮಾವತಿಯವರು ಪಾತ್ರೆಗಳನ್ನು ಬೋರಲು ಹಾಕಿ, ಕೋಣೆ ಗುಡಿಸಿ, ಬೀಗದ ಕೈ ನನ್ನ ಕೈಗೆ ಕೊಟ್ಟು ಹೊಳೆಹೊನ್ನೂರು ಬಸ್ಸು ಹತ್ತಿದರು. ಕಿಟಕಿಯಿಂದ "ಮಳೆ ನೀರು ಬೀಳ್ದಂಗೆ ಒಲೆ ಮೇಲೆ ಏನಾದ್ರೂ ಮುಚ್ಚಿ" ಅಂದರು. ಬಸ್ಸು ಹೊರಟಿತು. ಒಲೆ ಇರುವುದು ಕೋಣೆಯ ಒಳಗೆ. ಅಲ್ಲಿ ಮಳೆ ಬೀಳುವುದಿಲ್ಲ. ಅವರಿಗೂ ಗೊತ್ತು.

ಮೇಡಮ್ಮಿಗೆ ಫೋನ್ ಮಾಡಿದೆ. "ಸತ್ತುಹೋಗ್ತವಾ, ಅನ್ನ ಕೊಳೆಸೋ ಒಳಗಿನ ಹುಳಗಳು?"

"ಅಷ್ಟು ಬೇಗ ಸಾಯಲ್ಲ ಅಣ್ಣ. ಹಸಿವು ತಡ್ಕೊಳ್ತವೆ. ದಿನಾ ಒಂದು ಹಿಡಿ ಹಾಕಿ ಸಾಕು, ಆಗಾಗ ಸ್ವಲ್ಪ ಸೆಗಣಿ ನೀರು. ಆದ್ರೆ ಆ ಒಂದು ಹಿಡಿ ತಪ್ಪಿಸ್ಬೇಡಿ."

ಅಲ್ಲಿಂದ ಶುರುವಾಯಿತು. ನಾನು ಒಬ್ಬನೇ ಬೇಯಿಸಿಕೊಳ್ಳುವ ಅನ್ನದಲ್ಲಿ ಒಂದು ಹಿಡಿ ಡ್ರಮ್ಮಿಗೆ. ಮೊದಲ ದಿನ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದಾಗ, ಅಮ್ಮನ ಫೋಟೋ ಇರುವ ಗೋಡೆಯ ಕಡೆ ನೋಡದೆ ಹೊರಗೆ ಬಂದೆ. ಆಮೇಲೆ ತಟ್ಟೆಗೆ ಬಡಿಸಿಕೊಳ್ಳುವ ಮೊದಲೇ ಪಾತ್ರೆಯಿಂದ ಎತ್ತಿಡುವ ಉಪಾಯ ಕಂಡುಕೊಂಡೆ. ಮೊದಲೇ ಎತ್ತಿಟ್ಟರೆ ಅದು ಎಂಜಲಲ್ಲ. ಹಿಂದೆಲ್ಲ ಹಸುವಿಗೆಂದು, ಕಾಗೆಗೆಂದು ಎತ್ತಿಡುತ್ತಿದ್ದರಲ್ಲ, ಅದೇ ಸಾಲಿಗೆ ನನ್ನ ಡ್ರಮ್ಮೂ ಸೇರಿತು.

ಡ್ರಮ್ಮು ಇಳಿಯುವುದು ನಿಂತಿತು. ಏಳಲೂ ಇಲ್ಲ. ನಾನು ದಿನಾ ಬೆಳಿಗ್ಗೆ ಹೋಗಿ ಬೆರಳಿಟ್ಟು ಅಳೆಯುತ್ತಿದ್ದೆ. ಕಿಟಕಿ ಮುಚ್ಚಿರುತ್ತಿತ್ತು. ಯಾರ ಮದುವೆ ಉರಿಯುತ್ತಿದೆ ಎಂದು ಕೇಳುವವರಿರಲಿಲ್ಲ, ಯಾರದೂ ಉರಿಯುತ್ತಿರಲಿಲ್ಲ. ಅಗಲಿಕೆಗೆ ಆಷಾಢವನ್ನೇ ಯಾಕೆ ಆರಿಸಿಕೊಂಡರು ಎಂದು ನಾನು ಹಿಂದೆ ಕೇಳಿದವನೇ ಅಲ್ಲ. ಗಾಳಿ, ಮೋಡ, ಹತ್ತು ನಿಮಿಷಕ್ಕೊಂದು ಮಳೆ. ಎಲ್ಲೂ ಹೋಗಲಾಗದೆ ಮನುಷ್ಯ ಒಂದೇ ಕಡೆ ಕೂತು ಒಂದನ್ನೇ ನೆನೆಯಲಿ ಎಂದಿರಬೇಕು.

ವಾರದ ಮೇಲೆ ಹೊಳೆಹೊನ್ನೂರಿನಿಂದ ಫೋನ್ ಬಂತು.

"ಡ್ರಮ್ಮು ಹೆಂಗಿದೆ?"

"ಇದೆ. ನಾಲ್ಕು ಬೆರಳು."

"ನೀವು ತಿಂಡಿಗೇನ್ಮಾಡ್ಕೊಳ್ತೀರಿ?"

"ಅವಲಕ್ಕಿ."

"ದಿನಾನೂ?"

"ದಿನಾನೂ."

ಆ ಕಡೆ ಏನನ್ನೋ ಹೆಚ್ಚುವ ಸದ್ದು. ಆಮೇಲೆ, "ಇಲ್ಲಿ ಸಿಪ್ಪೆ ಎಸೆಯಕ್ಕೆ ಮನಸ್ಸೇ ಬರಲ್ಲ ಹಾಲೇಶಪ್ನೋರೆ. ಎತ್ತೆತ್ತಿ ಇಡ್ತೀನಿ. ಹಸುಗೆ ಹಾಕೋದನ್ನ ಯಾಕಕ್ಕ ಕಾಯ್ತೀಯಾ ಅಂತ ತಮ್ಮನ ಹೆಂಡ್ತಿ ನಗ್ತಾಳೆ. ಬೆಳಿಗ್ಗೆ ಬಸ್ಸಿಗೆ ಒಂದು ಬಕೆಟ್ ಕಳಿಸ್ತೀನಿ, ಇಳಿಸ್ಕೊಳ್ಳಿ."

ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಮೊದಲೇ ಹೋಗಿ ನಿಂತೆ. ಹೊಳೆಹೊನ್ನೂರು ಬಸ್ಸು ಬಂತು. ಕಂಡಕ್ಟರು ಡ್ರೈವರ್ ಸೀಟಿನ ಹಿಂದಿನಿಂದ ಒಂದು ಹಸಿರು ಬಕೆಟ್ಟು ಎಳೆದರು. ಬಾಯಿಗೆ ಬಾಳೆಎಲೆ ಮುಚ್ಚಿ, ಹಳೇ ಸೀರೆಯ ಅಂಚಿನಿಂದ ಬಿಗಿಯಾಗಿ ಕಟ್ಟಿತ್ತು.

"ಯಾರ್ರೀ ಹಾಲೇಶಪ್ಪ?"

"ನಾನೇ."

"ಮಾರಾಯ, ಈ ಕಾಲದಲ್ಲಿ ಎಲ್ಲರಿಗೂ ಊರಿಂದ ಹಲಸಿನ ತೊಳೆ ಬರುತ್ತೆ. ನಿಮಗೆ ಬರೀ ಸಿಪ್ಪೆ ಬಂದಿದೆ. ಅಂಥದ್ದೇನ್ರೀ ತಪ್ಪು ಮಾಡಿದ್ರಿ?"

ಬಸ್ಸೆಲ್ಲ ನಕ್ಕಿತು. ನಾನು ಆ ಬಕೆಟ್ಟನ್ನು ಎದೆಗೆ ಒತ್ತಿಕೊಂಡು ಆಟೋ ಹತ್ತಿದೆ. ಮನೆಗೆ ಬಂದು ಬಿಚ್ಚಿದರೆ ಹಲಸಿನ ಸಿಪ್ಪೆಯನ್ನು ನುಣ್ಣಗೆ, ಪಲ್ಯಕ್ಕೆ ಹೆಚ್ಚುವ ಹಾಗೆ ಹೆಚ್ಚಿದ್ದರು. ನಾರು ದಪ್ಪವಿದ್ದರೆ ಡ್ರಮ್ಮಿಗೆ ಜೀರ್ಣವಾಗುವುದಿಲ್ಲ ಎಂದು ನಾನು ಯಾವಾಗಲೋ ಹೇಳಿದ್ದೆ. ಜೊತೆಗೆ ಮಾವಿನ ಸಿಪ್ಪೆ, ತಂಗಳನ್ನ, ಸ್ವಲ್ಪ ಮುದ್ದೆ. ನಿಂಬೆ ಸಿಪ್ಪೆ ಒಂದೂ ಇರಲಿಲ್ಲ. ಹುಳಿ ಆಗದು ಎಂದೂ ಹೇಳಿದ್ದೆ. ನನ್ನ ಮಾತನ್ನು ಇಷ್ಟು ಗಮನವಿಟ್ಟು ಯಾರೂ ಕೇಳಿಸಿಕೊಂಡಿರಲಿಲ್ಲ.

ಸಂಜೆ ಬಸ್ಸಿಗೆ ಬಕೆಟ್ಟು ವಾಪಸ್ ಕಳಿಸಬೇಕು. ಬಂದ ಪಾತ್ರೆಯನ್ನು ಖಾಲಿ ಕಳಿಸುವ ಅಭ್ಯಾಸ ನಮ್ಮ ಕಡೆ ಇಲ್ಲ. ಏನಿಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ನಮ್ಮಲ್ಲಿ ಇದ್ದದ್ದು ಡ್ರಮ್ಮಿನ ಇನ್ನೊಂದು ಬಾಯಿಂದ ಹೊರಗೆ ಬರುವ ಬಗ್ಗಡ, ಗಿಡಗಳಿಗೆ ಒಳ್ಳೆಯ ಗೊಬ್ಬರ. ಮುಚ್ಚಳದ ಕ್ಯಾನಿನಲ್ಲಿ ತುಂಬಿ, ಬಕೆಟ್ಟಿನೊಳಗೆ ಇಟ್ಟು ಕಟ್ಟಿದೆ. ಕಂಡಕ್ಟರು ಮೂಗು ಮುಚ್ಚಿಕೊಂಡರು. "ಬರ್ತಾ ಸಿಪ್ಪೆ, ಹೋಗ್ತಾ ಬಗ್ಗಡ! ನೀವಿಬ್ರೂ ಸೇರಿ ನನ್ನ ಬಸ್ಸನ್ನ ತಿಪ್ಪೆ ಮಾಡಿದೀರಲ್ರೀ." ಮಾರನೇ ದಿನ ಫೋನಿನಲ್ಲಿ, "ಹೀರೆಬಳ್ಳಿಗೆ ಹಾಕ್ದೆ" ಎಂದು ಸುದ್ದಿ ಬಂತು.

ಹೀಗೆ ಆಷಾಢವಿಡೀ ಆ ಹಸಿರು ಬಕೆಟ್ಟು ವಾರಕ್ಕೆರಡು ಸಲ ಓಡಾಡಿತು. ಇಪ್ಪತ್ತನೇ ಶತಮಾನದವನಾದ ನಾನು ಎಂದೂ ಯಾರಿಗೂ ಪ್ರೇಮಪತ್ರ ಬರೆದಿಲ್ಲ, ಬರೆಯುವ ವಯಸ್ಸಿನಲ್ಲಿ ಅಕ್ಷರವೇ ಸರಿಯಾಗಿ ಬರುತ್ತಿರಲಿಲ್ಲ. ಆದ್ದರಿಂದ ಹೋಲಿಸಿ ಹೇಳಲಾರೆ. ಆದರೆ ಬಾಳೆಎಲೆ ಬಿಚ್ಚುವ ಮೊದಲು ಕೈ ತೊಳೆದುಕೊಳ್ಳುತ್ತಿದ್ದೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಮೊನ್ನೆ ಯಜಮಾನರು ಬಂದರು. ಕೋಣೆಯ ಬೀಗ ತೆಗೆಸಿ ತಾವೇ ಒಲೆ ಹಚ್ಚಿದರು. ಮೊದಲು ಏನೂ ಇಲ್ಲ. ಎರಡನೇ ಕಡ್ಡಿಗೆ ಚುಕ್ಕಿಯಂಥ ನೀಲಿ ಉರಿ ಸುತ್ತಲೂ ಹತ್ತಿಕೊಂಡಿತು. ಒಂದು ಲೋಟ ಟೀ ಆಗುವಷ್ಟು ಹೊತ್ತು ನಿಂತು ನೋಡಿದರು. "ಪರವಾಗಿಲ್ಲ, ಜೀವ ಇದೆ. ಇರ್ಲಿ ಬಿಡು" ಎಂದು ಹೋದರು. ಮದುವೆ ಇಲ್ಲ, ಬೀಗರಿಲ್ಲ. ಅದು ಹಲಸಿನ ಸಿಪ್ಪೆಯ ಉರಿ.

ಫೋನ್ ಮಾಡಿ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಇವತ್ತಿನ ಬಸ್ಸು ಬಂತು. ಕಂಡಕ್ಟರು ಬಕೆಟ್ಟು ಇಳಿಸಿ, "ಇದೇ ಕೊನೇದಂತೆ ರೀ" ಅಂದರು. ತಮಾಷೆ ಮಾಡದೆ ಬಸ್ಸು ಹತ್ತಿದರು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೇ ಫೋನ್ ಮಾಡಿದೆ.

"ಕೊನೇದು ಅಂದ್ರಂತೆ?"

"ಹೂಂ. ಆಷಾಢ ಮುಗೀತಲ್ಲ."

"ಒಲೆ ಹತ್ತಿತು ಮೊನ್ನೆ. ಹೇಳ್ಬೇಕು ಅಂತಿದ್ದೆ."

"ಗೊತ್ತು. ನಿಮ್ಮ ಯಜಮಾನ್ರು ಫೋನ್ ಮಾಡಿದ್ರು, ಶ್ರಾವಣದ ಮೊದಲನೇ ಮದ್ವೆಗೆ ತಿಂಡಿ ಮಾಡ್ತೀಯೇನಮ್ಮ ಅಂತ. ಸೋಮವಾರ ಬರ್ತೀನಿ. ಈ ಸಲ ಬಕೆಟ್ ವಾಪಸ್ ಕಳಿಸ್ಬೇಡಿ, ಅಲ್ಲೇ ಇಟ್ಕೊಳ್ಳಿ. ನಾನು ಬಂದ್ಮೇಲೆ ಕೊಡುವಿರಂತೆ."

ಬಕೆಟ್ಟು ತೊಳೆದು ಕಿಟಕಿಯ ಕೆಳಗೆ ಇಟ್ಟಿದ್ದೇನೆ. ಖಾಲಿ ಕೊಡುವಂತಿಲ್ಲ. ಗೊಬ್ಬರ ತುಂಬಿಸಿಟ್ಟರೆ ತೀರಾ ಕಡಿಮೆಯಾಯಿತು, ಹೂವು ತುಂಬಿಸಿಟ್ಟರೆ ತೀರಾ ಹೆಚ್ಚಾಯಿತು. ನಡುವೆ ಏನಾದರೂ ಇರಬೇಕು. ನಿಮಗೆ ಹೊಳೆದರೆ ಹೇಳಿ, ಇನ್ನೂ ನಾಲ್ಕು ದಿನ ಇದೆ.